ನಡಾವಳಿ ಪುಸ್ತಕ ಓದುವ ಕಾಕಾ

ಹೋದ ತಿಂಗಳು ಕಲ್ಕತ್ತೆಯಿಂದ ಕಾಕಾನ ಮಗಳು ಫೋನ್ ಮಾಡಿ, "ದೀದಿ, ಅಪ್ಪಾ ಹೋದ್ರು," ಅಂದಳು. ಆಮೇಲೆ ಅವಳೇ, "ನೀವು ಅಪ್ಪನ ಮ್ಯಾಲ ಏನರೆ ಬರೀರಿ. ನಂಗ ಕನ್ನಡ ಓದಾಕ ಬರಂಗಿಲ್ಲ, ಬಟ್ ಯಾರರೆ ಓದಿ ಹೇಳಿದ್ರ ಸಮಝ್ ಆಗ್ತದ," ಅಂದಳು. ಹುಟ್ಟಿದ್ದು ಬೆಳೆದದ್ದು ಎಲ್ಲ ಜಾದವ್‌ಪುರದಲ್ಲಾದರೂ ಧಾರವಾಡ ಅವಳ ನಾಲಿಗೆ ಬಿಟ್ಟು ಹೋಗಿರಲಿಲ್ಲ. ಮೀನು ತಿನ್ನುವ ಬಂಗಾಳಿ ಮನೆಗೆ ಸೊಸೆಯಾಗಿ ಹೋಗಿ ಹದಿನೈದು ವರ್ಷ ಆಗಿದೆ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಆಗಲಿ ಅಂದೆ. ಏನು ಬರೆಯುವುದು ಅಂತ ಕೂತಾಗ ಮೊದಲು ನೆನಪಾದದ್ದು ಅವರ ಕನ್ನಡಕಗಳು.

ಮೂರಿದ್ದವು. ಒಂದು ಹಣೆಯ ಮೇಲೆ, ಒಂದು ಮೂಗಿನ ಮೇಲೆ, ಒಂದು ಕೊರಳಲ್ಲಿ ದಾರಕ್ಕೆ. ಕುಳ್ಳಗೆ, ಗುಂಡಗೆ ಇದ್ದ ಮನುಷ್ಯ ಹೀಗೆ ಮೂರು ಕನ್ನಡಕ ಹೊತ್ತು, ಬಗಲಲ್ಲಿ ಕೊಡೆ ಸಿಕ್ಕಿಸಿಕೊಂಡು ಬರುವುದನ್ನು ಮೊದಲ ದಿನ ನೋಡಿದಾಗ ಇವರು ಕನ್ನಡಕ ಮಾರುವವರಿರಬೇಕು ಅಂದುಕೊಂಡಿದ್ದೆ. ಕೇಳಿಯೂ ಬಿಟ್ಟೆ, ಮೂರು ಯಾಕೆ ಅಂತ.

"ಒಂದು ಟೈಪ್ ಮಾಡಿದ ಕಾಗದಕ್ಕ. ಒಂದು ಕೈಬರಹಕ್ಕ."

"ಇನ್ನೊಂದು?"

"ಅದು ಮನಶ್ಯಾರನ್ನ ನೋಡಾಕ. ಅದರ ನಂಬರ್ ವರ್ಷಾ ಬದಲಾಗ್ತದ," ಅಂದರು.

ಕನ್ನಡದವರಿಗೆ ಅವರು ಕಾಕಾ. ಬಂಗಾಳಿಗಳೂ ಚಿಕ್ಕಪ್ಪನಿಗೆ ಕಾಕಾ ಅನ್ನುವವರೇ ಆದ್ದರಿಂದ ಇಡೀ ಊರಿಗೆ ಕಾಕಾ. ಕೇಂದ್ರ ಸರ್ಕಾರದ ಒಂದು ಕಂಪನಿಯ ಕಾನೂನು ವಿಭಾಗದಲ್ಲಿ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿ ನಿವೃತ್ತರಾಗಿದ್ದರು. ನಿವೃತ್ತರಾದ ಮೇಲೆ ಧಾರವಾಡಕ್ಕೆ ಹೋಗುತ್ತೇನೆ ಅಂತ ವರ್ಷಕ್ಕೊಮ್ಮೆ ಹೇಳುತ್ತಿದ್ದರು. ಹೇಳಿದಾಗೆಲ್ಲ ಅವರ ಹೆಂಡತಿ, "ಹೋಗ್ರಿ, ನಿಮ್ಮನ್ನ ಹಿಡಕೊಂಡವರು ಯಾರು? ನಾ ಬರಂಗಿಲ್ಲ, ನನಗ ಇಲ್ಲಿ ಹಾಲಿನಂವ ಛಲೋ ಸಿಕ್ಕಾನ," ಅನ್ನುತ್ತಿದ್ದರು. ಅಲ್ಲಿಗೆ ಆ ವರ್ಷದ ಪ್ರಯಾಣ ಮುಗಿಯುತ್ತಿತ್ತು.

ಆ ಕಾಲ ಹೇಗಿತ್ತೆಂದು ಹೇಳದಿದ್ದರೆ ಅವರ ಕೆಲಸ ಏನೆಂದು ತಿಳಿಯುವುದಿಲ್ಲ. ಸಾಫ್ಟ್‌ವೇರ್ ಕಂಪನಿಗಳೆಲ್ಲ ಕಲ್ಕತ್ತೆಗೂ ಬಂದಿದ್ದವು. ನ್ಯೂ ಟೌನ್‌ನಲ್ಲಿ ಭತ್ತದ ಗದ್ದೆಯ ಎದುರಿಗೇ ಗಾಜಿನ ಕಟ್ಟಡ ಏಳುತ್ತಿತ್ತು. ಬೆಂಗಳೂರಿನ ಬಿಲ್ಡರುಗಳಿಗೆ ಹೊರದೇಶದ ದುಡ್ಡು ಸಿಕ್ಕಿ, ಅದನ್ನು ಸುರಿಯಲು ಜಾಗ ಸಾಲದೆ ಇಲ್ಲಿಗೆ ಬಂದಿದ್ದರು. ಇಲ್ಲಿ ನೋಡಿದರೆ ಹೊಟ್ಟೆಯೊಳಗೆ ಜಮೀನು ಇಟ್ಟುಕೊಂಡು ಮಲಗಿದ್ದ ಹಳೆಯ ಕಂಪನಿಗಳು ಬೇಕಾದಷ್ಟು. ಸೆಣಬು ನೇಯುವುದನ್ನು ನಿಲ್ಲಿಸಿದವು, ಬಲ್ಬು ಮಾಡುವುದನ್ನು ನಿಲ್ಲಿಸಿದವು, ಏನು ಮಾಡುತ್ತಿದ್ದೆವು ಎನ್ನುವುದನ್ನೇ ಮರೆತವು. ಬಿಲ್ಡರುಗಳು ಜಮೀನನ್ನು ಕೊಳ್ಳುತ್ತಿರಲಿಲ್ಲ, ಜಮೀನು ಇರುವ ಕಂಪನಿಯನ್ನೇ ಕೊಳ್ಳುತ್ತಿದ್ದರು. ಜಮೀನು ಕೊಂಡರೆ ಅದರ ಪೂರ್ತಿ ಬೆಲೆಯ ಮೇಲೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಕಂಪನಿಯ ಷೇರು ಕೊಂಡರೆ ಅದರಲ್ಲೊಂದು ಚೂರು ಸಾಕು. ಜಮೀನು ಅಲ್ಲೇ, ಅದೇ ಕಂಪನಿಯ ಹೆಸರಿನಲ್ಲಿ. ಕಂಪನಿಯ ಯಜಮಾನ ಮಾತ್ರ ಬೇರೆ.

ಹೀಗೆ ಕೊಳ್ಳುವ ಮೊದಲು ಆ ಕಂಪನಿಯ ಹೊಟ್ಟೆಯಲ್ಲಿ ಜಮೀನಲ್ಲದೆ ಇನ್ನೇನಿದೆ ಎಂದು ನೋಡಿ ವರದಿ ಬರೆಯುವುದು ನನ್ನ ಉದ್ಯೋಗ. ಬೆಂಗಳೂರಿನ ಆಫೀಸು ನನ್ನನ್ನು ಮೂರು ತಿಂಗಳಿಗೆಂದು ಕಳಿಸಿ ನಾಲ್ಕು ವರ್ಷ ಮರೆತಿತ್ತು. ಹಳೆಯ ಕಾಗದ ಓದಬಲ್ಲವರು ಬೇಕು ಅಂತ ಹುಡುಕಿದಾಗ ಕನ್ನಡ ಸಂಘದವರೊಬ್ಬರು ಕಾಕಾನ ಹೆಸರು ಹೇಳಿದರು.

ನನ್ನ ಲ್ಯಾಪ್‌ಟಾಪಿನಲ್ಲಿ ನೂರಾರು ಸಾಲಿನ ಪಟ್ಟಿಯೊಂದಿತ್ತು. ತೆರಿಗೆ, ಸಾಲ, ಕೇಸು, ಅಡಮಾನ, ಬಾಡಿಗೆದಾರರು, ನೌಕರರು, ಎಲ್ಲಕ್ಕೂ ಒಂದೊಂದು ಸಾಲು. ಮೊದಲ ದಿನ ಅದನ್ನು ಹೆಮ್ಮೆಯಿಂದ ತೋರಿಸಿದೆ. ಕಾಕಾ ಟೈಪಿನ ಕನ್ನಡಕ ಇಳಿಸಿಕೊಂಡು ಪೂರ್ತಿ ಓದಿದರು.

"ಛಲೋ ಅದ ತಂಗಿ. ಇದರಾಗ ಚಹಾದಂವ ಎಲ್ಲಿದ್ದಾನ?"

"ಯಾವ ಚಹಾದವನು?"

"ಗೇಟಿನ ಮುಂದ ಚಹಾ ಮಾರೂವಂವ. ಯಾವ ಜಮೀನಿನ ಮುಂದ ಚಹಾದಂವ ಇಲ್ಲೋ ಅಲ್ಲಿ ಯಾರೂ ಇಲ್ಲ. ಇದ್ರ, ಒಳಗ ಯಾರರೆ ಇದ್ದಾರ ಅಂತ ತಿಳಕೋ. ಮೊದಲು ಅವನ ಕಡೆ ಹೋಗೂಣು."

ಅವರ ಪದ್ಧತಿ ಅದು. ಕಂಪನಿಯವರು ಎಸಿ ಕೋಣೆಯಲ್ಲಿ ಫೈಲು ಜೋಡಿಸಿಟ್ಟು ಸಂದೇಶ್ ಮಿಠಾಯಿ ತರಿಸಿ ಕಾಯುತ್ತಿದ್ದರೆ ಇವರು ಹೊರಗೆ ಬೆಂಚಿನ ಮೇಲೆ ಮಣ್ಣಿನ ಕುಡಿಕೆ ಹಿಡಿದು ಕೂತಿರುತ್ತಿದ್ದರು. ಚೀಲದಿಂದ ಒಂದು ಡಬ್ಬಿ ಹೊರಡುತ್ತಿತ್ತು, ಶೇಂಗಾ ಚಟ್ನಿಪುಡಿ. ಅಂಗಡಿಯವನ ಹತ್ತಿರ ಮುಡಿ, ಅಂದರೆ ನಮ್ಮ ಮಂಡಕ್ಕಿ, ತೆಗೆದುಕೊಂಡು ಅದಕ್ಕೆ ಪುಡಿ ಉದುರಿಸಿ ಅವನಿಗೇ ತಿನ್ನಿಸುವರು. ಅಲ್ಲಿಂದ ಮುಂದೆ ಆ ಮನುಷ್ಯ ಹೇಳದೆ ಉಳಿಸಿದ್ದು ಏನೂ ಇರುತ್ತಿರಲಿಲ್ಲ.

ನ್ಯೂ ಟೌನ್ ಕಡೆ ಒಮ್ಮೆ ಒಂದು ಕಂಪನಿಯ ಜಾಗ ನೋಡಲು ಹೋಗಿದ್ದೆವು. ಕಾಗದದಲ್ಲಿ ಖಾಲಿ ಜಾಗ. ಹೋಗಿ ನೋಡಿದರೆ ಒಬ್ಬಾತ ಭತ್ತ ಕೊಯ್ಯುತ್ತಿದ್ದ. ಕಾಕಾ ಬದುವಿನ ಮೇಲೆ ಕೂತು ಯಾರದಪ್ಪಾ ಗದ್ದೆ ಅಂದರು. ನನ್ನದು ಅಂದ. ಕಾಗದ ಕಂಪನಿಯದು ಅನ್ನುತ್ತದಲ್ಲ ಅಂದರು. ಹೌದು, ಕಂಪನಿಯದು ಅಂದ. ನಾನು ತಲೆ ಕೆರೆದುಕೊಂಡೆ. ಕಾಕಾ ಮಾತ್ರ ಖುಷಿಯಾಗಿ ಎದ್ದು, "ಎರಡೂ ಖರೇನ ಹೇಳ್ಯಾನ. ಪಾಲಿಗೆ ಮಾಡಾಂವ. ಸರ್ಕಾರಿ ದಾಖಲ್ಯಾಗ ಅವನ ಹೆಸರು ಇರ್ತದ ನೋಡು," ಅಂದರು. ಇತ್ತು. ಹಾಗೆ ಹೆಸರಿದ್ದವನನ್ನು ಎಬ್ಬಿಸುವಂತಿಲ್ಲ, ಕೊಳ್ಳಬೇಕೆಂದಿದ್ದ ಗಿರಾಕಿ ನಮಗೆ ಬೈದುಕೊಂಡು ಬೇರೆ ಜಾಗ ಹುಡುಕಿದರು.

ಅವರಿಗೆ ಎಲ್ಲಕ್ಕಿಂತ ಇಷ್ಟದ ಕಾಗದವೆಂದರೆ ನಡಾವಳಿ ಪುಸ್ತಕ, ಕಂಪನಿಯ ನಿರ್ದೇಶಕರು ಸಭೆ ಸೇರಿ ಏನು ತೀರ್ಮಾನ ಮಾಡಿದರು ಎಂದು ಬರೆದಿಡುವ ಪುಸ್ತಕ. ಆಫೀಸಿನಲ್ಲಿ ನಾವು ಅದನ್ನು ಮಿನಿಟ್ಸ್ ಅನ್ನುತ್ತಿದ್ದೆವು, ನಿದ್ದೆ ಬಂದಾಗ ಓದುತ್ತಿದ್ದೆವು. ಕಾಕಾ ಅದನ್ನು ಕಾದಂಬರಿ ಓದಿದಂತೆ ಓದುವರು. "ಲೆಕ್ಕಪತ್ರ ಅಂದ್ರ ಕಂಪನಿ ಊರ ಮಂದೀಗೆ ತೋರಸೋ ಮಾರಿ. ಇದು ಅದು ಮನ್ಯಾಗ ಆಡೋ ಮಾತು," ಅನ್ನುವರು. ಓದುತ್ತ ಓದುತ್ತ ಹೊಟ್ಟೆ ಕುಲುಕಿಸಿ ನಗುವರು. ಒಂದು ಟೀ ಕಂಪನಿಯಲ್ಲಿ ನಿರ್ದೇಶಕನೊಬ್ಬ ತೀರಿಕೊಂಡನೆಂದು ಸಂತಾಪ ಸೂಚಿಸಿ, ಮುಂದಿನ ತಿಂಗಳು ಅದೇ ಮನುಷ್ಯ ಸಭೆಗೆ ಬಂದು ಆ ನಡಾವಳಿಯನ್ನು ಸರಿಯಾಗಿದೆ ಅಂತ ಒಪ್ಪಿ ಸಹಿ ಮಾಡಿದ್ದನಂತೆ. ಅದನ್ನು ಓದಿದ ದಿನ ಕಾಕಾ ಊಟಕ್ಕೂ ಏಳಲಿಲ್ಲ.

ಕಂಪನಿ ಕೊಳ್ಳುವುದಕ್ಕೂ ಜಮೀನು ಕೊಳ್ಳುವುದಕ್ಕೂ ಏನು ವ್ಯತ್ಯಾಸ ಅಂತ ನಾನು ಕಾಲೇಜಿನಲ್ಲಿ ಎರಡು ವರ್ಷ ಓದಿದ್ದೆ. ಕಾಕಾ ಜಾದವ್‌ಪುರದ ರೈಲ್ವೆ ಗೇಟು ತೆರೆಯುವಷ್ಟರಲ್ಲಿ ಹೇಳಿ ಮುಗಿಸಿದರು. "ಜಮೀನು ಕೊಳ್ಳೂದು ಅಂದ್ರ ಸಂತ್ಯಾಗ ಕೊಡ ಕೊಂಡಂಗ. ಬಡದು ನೋಡು, ತಗೊಂಡು ಹೋಗು. ಕಂಪನಿ ಕೊಳ್ಳೂದು ಅಂದ್ರ ದತ್ತಕ ಹೋದಂಗ. ಆಸ್ತಿ ಬರ್ತದ. ಅದರ ಸಂಗಾಟ ಆ ಮನೀ ಸಾಲ, ಆ ಮನೀ ಜಗಳ, ಆ ಮನೀ ಶ್ರಾದ್ಧ ಎಲ್ಲಾ ಬರ್ತದ. ಹೊಲ ನನಗಿರಲಿ, ಮುತ್ತ್ಯಾನ ತಿಥಿ ಬ್ಯಾಡ ಅನ್ನಾಕ ಬರಂಗಿಲ್ಲ."

ಇನ್ನು ಟಾಲಿಗಂಜಿನ ಸ್ಟುಡಿಯೋ ವಿಷಯ.

ಮೆಟ್ರೋದ ಕೊನೆಯ ನಿಲ್ದಾಣದಿಂದ ಹತ್ತು ನಿಮಿಷದ ದಾರಿ. ಒಂದಾನೊಂದು ಕಾಲಕ್ಕೆ ಸಿನಿಮಾ ತೆಗೆಯುತ್ತಿದ್ದ ಜಾಗ. ಮುಚ್ಚಿ ಹತ್ತಾರು ವರ್ಷ ಆಗಿತ್ತು. ಎರಡು ದೊಡ್ಡ ತಗಡಿನ ಶೆಡ್ಡು, ಒಂದು ಕೊಳ, ಮಾವಿನ ಮರಗಳು. ಕಟ್ಟಿಸಿದ ದೊಡ್ಡ ಬಾಬು ತೀರಿಕೊಂಡಿದ್ದರು. ಈಗ ಕಂಪನಿ ಮೊಮ್ಮಗನ ಕೈಯಲ್ಲಿತ್ತು, ಅವರು ಅದನ್ನು ಬೆಂಗಳೂರಿನ ಒಬ್ಬ ಬಿಲ್ಡರಿಗೆ ಮಾರಲು ಹೊರಟಿದ್ದರು. ಬಿಲ್ಡರ್ ಕಡೆಯಿಂದ ಹಣಕಾಸು ನೋಡುತ್ತಿದ್ದವರು ಸಂಪತ್ ಸರ್, ಮಾತಿಗೆ ಮುಂಚೆ ಗಡಿಯಾರ ನೋಡುವ ಮನುಷ್ಯ. ದುರ್ಗಾಪೂಜೆಗೆ ಮೂರು ವಾರ ಉಳಿದಿತ್ತು. ಪೂಜೆ ಶುರುವಾದರೆ ಈ ಊರಿನಲ್ಲಿ ಒಂದು ಸಹಿಯೂ ಸಿಗುವುದಿಲ್ಲ, ಅಷ್ಟರೊಳಗೆ ಮುಗಿಸಬೇಕು ಅಂತ ಅವರ ಅವಸರ.

ಮೊದಲ ಸಲ ನಾನೊಬ್ಬಳೇ ಹೋದೆ, ಕಾಕಾನಿಗೆ ನೆಗಡಿ. ಒಳಗೆ ಎರಡನೆಯ ಶೆಡ್ಡಿನ ಪಕ್ಕದಲ್ಲಿ ಬೇವಿನ ಮರದ ಕೆಳಗೆ ಒಂದು ದೇವಸ್ಥಾನ ಕಂಡಿತು. ಬಂಗಾಳದ ಕಡೆಯ ಬಾಗಿದ ಚಾವಣಿ, ಇಟ್ಟಿಗೆ ಬಣ್ಣದ ಕೆತ್ತನೆ, ಒಳಗೆ ದೇವಿ, ಮುಂದೆ ದೀಪ ಉರಿಯುತ್ತಿದೆ. ಎಷ್ಟು ಸುಂದರ ಮುಖವೆಂದರೆ, ನಾನು ಅಲ್ಲೇ ಚಪ್ಪಲಿ ಬಿಟ್ಟು, ಗಂಟೆ ಹೊಡೆದು, ಕಣ್ಣು ಮುಚ್ಚಿ ಕೈಮುಗಿದು, ತಟ್ಟೆಗೆ ಹತ್ತು ರೂಪಾಯಿ ಹಾಕಿದೆ. ತೆಳ್ಳಗಿನ ಮುದುಕರೊಬ್ಬರು ಬಂದು ನನ್ನ ಕೈಗೆ ಎರಡು ಬತಾಸು ಹಾಕಿದರು. ಬಂದು ವರದಿ ಬರೆದೆ: ಜಾಗದೊಳಗೆ ಬಹಳ ಹಳೆಯ ದೇವಸ್ಥಾನ ಇದೆ, ನಿತ್ಯಪೂಜೆ ನಡೆಯುತ್ತಿದೆ.

ಬೆಂಗಳೂರಿನಲ್ಲಿ ಬೆಂಕಿ ಹತ್ತಿತು. ಈ ದೇಶದ ಕಾನೂನಿನಲ್ಲಿ ದೇವರು ಆಸ್ತಿ ಇಟ್ಟುಕೊಳ್ಳಬಹುದು. ಆದರೆ ದೇವರು ಎಂದೆಂದಿಗೂ ವಯಸ್ಸಿಗೆ ಬಾರದ ಮಗು. ಕೋರ್ಟಿನ ಅಪ್ಪಣೆಯಿಲ್ಲದೆ ಮಗುವಿನ ಆಸ್ತಿಯನ್ನು ಯಾರೂ ಮಾರುವಂತಿಲ್ಲ.

"ಏನಮ್ಮಾ ಇದು?" ಅಂತ ಸಂಪತ್ ಸರ್ ಫೋನಿನಲ್ಲೇ ಬೆವರಿದರು. "ಬ್ಯಾಂಕ್ ಮೇಲೆ ಕೇಸ್ ಹಾಕಬಹುದು, ಸರ್ಕಾರದ ಮೇಲೆ ಹಾಕಬಹುದು. ದೇವಿ ಮೇಲೆ ಹಾಕಿ ಮನೆಗೆ ಹೋಗಿ ಹೆಂಡ್ತಿಗೆ ಏನು ಹೇಳಲಿ?"

ಎರಡು ದಿನದ ಮೇಲೆ ಕಾಕಾನನ್ನು ಕರೆದುಕೊಂಡು ಹೋದೆ. ಅವರು ದೂರದಿಂದಲೇ ನಿಂತು ನೋಡಿದರು.

"ಕೈಮುಗದಿ ಏನು?"

"ಮುಗಿದೆ."

"ಪ್ರದಕ್ಷಿಣಿ ಹಾಕಿದಿ?"

"ಇಲ್ಲ ಕಾಕಾ. ಮೆಟ್ರೋಗೆ ಹೊತ್ತಾಗಿತ್ತು."

"ಮೈಸೂರು ಹುಡುಗಿ, ಅಜ್ಜಿ ಹೇಳಿಕೊಟ್ಟಿದ್ದನ್ನ ಅರ್ಧಾ ಮಾಡಿದಿ. ಹೋಗು, ಒಂದು ಸುತ್ತು ಹಾಕಿ ಬಾ."

ಹೋದೆ. ಎಡಗಡೆಯಿಂದ ತಿರುಗಿದರೆ ದೇವಸ್ಥಾನವೇ ಇಲ್ಲ. ಮುಂದಿನ ಗೋಡೆಯ ಹಿಂದೆ ಬಿದಿರಿನ ಊರುಗೋಲುಗಳು, ಗೋಣಿತಟ್ಟು, ಮೊಳೆ. ದೇವಿಗೆ ಬೆನ್ನಿಲ್ಲ. ಬೆನ್ನಿರಬೇಕಾದ ಕಡೆ ಹಳೆಯ ಬಂಗಾಳಿ ಪೇಪರು ಅಂಟಿಸಿದ್ದರು, ಅದರಲ್ಲೊಂದು ಕೂದಲೆಣ್ಣೆಯ ಜಾಹೀರಾತು. ನಾನು ಕೈಮುಗಿದದ್ದು ಸಿನಿಮಾ ಸೆಟ್ಟಿಗೆ.

ವಾಪಸು ಬಂದಾಗ ನನ್ನ ಮುಖ ಹೇಗಿತ್ತೋ, ಕಾಕಾ ಕೊಡೆಯ ಮೇಲೆ ಭಾರ ಹಾಕಿ ಕಣ್ಣೀರು ಬರುವಷ್ಟು ನಗುತ್ತಿದ್ದರು. "ನಿನ್ನ ಪಟ್ಟಿಗೆ ಒಂದು ಸಾಲು ಸೇರಿಸು ತಂಗಿ. ದೇವರು ಕಂಡ್ರ ಹಿಂದ ಹೋಗಿ ನೋಡೂದು."

ಮುದುಕರ ಹೆಸರು ನಿತಾಯಿ. ಸ್ಟುಡಿಯೋದಲ್ಲಿ ಸೆಟ್ಟಿಗೆ ಬಣ್ಣ ಹಚ್ಚುತ್ತಿದ್ದವರು. ಕಾಕಾ ಅವರಿಗೆ ಚಟ್ನಿಪುಡಿ ಹಾಕಿದ ಮುಡಿ ಕೊಟ್ಟು ಬಂಗಾಳಿಯಲ್ಲಿ ಮಾತಿಗೆಳೆದರು. ಹದಿನಾಲ್ಕು ದಿನದ ಶೂಟಿಂಗಿಗೆ ಕಟ್ಟಿದ ಸೆಟ್ಟಂತೆ. ಪ್ಲಾಸ್ಟರು, ಹಲಗೆ, ದೇವಿಯ ಮುಖ ಮಾತ್ರ ಕಾಗದದ ತಿರುಳಿನದು, ಅದನ್ನು ಇವರೇ ಮಾಡಿದ್ದು. ಸಿನಿಮಾ ಅರ್ಧಕ್ಕೆ ನಿಂತಿತು, ಸ್ಟುಡಿಯೋನೂ ನಿಂತಿತು, ಕಿತ್ತುಹಾಕಲು ಯಾರೂ ಬರಲಿಲ್ಲ. ವರ್ಷವರ್ಷ ಮಳೆ ಮುಗಿದ ಮೇಲೆ ಇವರೇ ತೇಪೆ ಹಾಕಿ ಬಣ್ಣ ಹಚ್ಚುತ್ತಿದ್ದರಂತೆ.

"ದೀಪ ಯಾಕೆ ಹಚ್ತೀರಿ?" ಅಂತ ನಾನು ಕೇಳಿದೆ.

"ಕತ್ತಲಾದರೆ ಮುಖ ಕಾಣುತ್ತಿರಲಿಲ್ಲ," ಅಂದರು. "ನಾನೇ ಮಾಡಿದ ಮುಖ. ಹಾಗೇ ಕತ್ತಲಲ್ಲಿ ಬಿಡಲು ಮನಸ್ಸು ಬರಲಿಲ್ಲ. ಆಮೇಲೆ ಪಾಡಾದ, ಈ ಕೇರಿಯ ಹೆಂಗಸರು ಬರತೊಡಗಿದರು. ಬಂದವರಿಗೆ ಇದು ಸುಳ್ಳು ದೇವಿ, ಹೋಗಿ ಅನ್ನೋದಾ? ಬತಾಸು ಕೊಟ್ಟೆ."

ಸೆಟ್ಟಿಗೂ ಶೆಡ್ಡಿಗೂ ನಡುವೆ ಒಂದು ಕೋಣೆ. ಮಂಚ, ಸೀಮೆಎಣ್ಣೆ ಸ್ಟೋವ್, ಡಬ್ಬಗಳಲ್ಲಿ ನಿಲ್ಲಿಸಿದ ಕುಂಚಗಳು. ಅದೇ ಅವರ ಮನೆ. ಬೇರೆ ಮನೆಯಿಲ್ಲ, ಬೇರೆ ಯಾರೂ ಇಲ್ಲ.

ವರದಿ ತಿದ್ದಿ ಕಳಿಸಿದೆ. ದೇವಸ್ಥಾನ ಅಲ್ಲ, ಸೆಟ್ಟು. ಪ್ರತಿಷ್ಠೆ ಆಗಿಲ್ಲ, ದೇವರ ಆಸ್ತಿಯ ಪ್ರಶ್ನೆ ಬರುವುದಿಲ್ಲ. ಸಂಪತ್ ಸರ್ ಅಷ್ಟು ಸಂತೋಷಪಟ್ಟಿದ್ದನ್ನು ನಾನು ಆಮೇಲೂ ನೋಡಿಲ್ಲ. "ಕೆಡವಿಸಿ. ಆ ಮುದುಕ್ರನ್ನೂ ಖಾಲಿ ಮಾಡ್ಸೋಕೆ ಹೇಳಿ. ಪೂಜೆಗೆ ಮುಂಚೆ ನನಗೆ ಜಾಗ ಕ್ಲೀನ್ ಬೇಕು."

ಮೊಮ್ಮಗ ಬಾಬು ತಕ್ಷಣ ಒಪ್ಪಿದರು. ಆತನಿಗೆ ಯಾವ ಹಕ್ಕೂ ಇಲ್ಲ, ಹೇಗೋ ಉಳಿದುಕೊಂಡಿದ್ದಾನೆ, ಒಂದು ಧೋತ್ರ, ಸ್ವಲ್ಪ ದುಡ್ಡು ಕೊಟ್ಟು ಕಳಿಸುತ್ತೇನೆ ಅಂದರು.

ನಾನು ಓಡಿ ನಿತಾಯಿಯವರ ಹತ್ತಿರ ಹೋದೆ. ಇಲ್ಲಿ ಇರುವುದಕ್ಕೆ ಏನಾದರೂ ಕಾಗದ ಇದೆಯೇ ಅಂದೆ.

"ಕಾಗದ ಯಾಕೆ?" ಅಂದರು. "ದೊಡ್ಡ ಬಾಬು ಹೇಳಿದ್ದರಲ್ಲ, ನೀನು ಇರುವ ತನಕ ಇರು ಅಂತ."

"ಯಾರ ಎದುರಿಗೆ ಹೇಳಿದ್ದರು?"

"ನನ್ನ ಎದುರಿಗೆ."

ಆ ಸಂಜೆ ಜಾದವ್‌ಪುರದಲ್ಲಿ ಕಾಕಾನ ಮನೆಗೆ ಹೋಗಿ ಕೂತೆ. ಅವರ ಹೆಂಡತಿ ಅವಲಕ್ಕಿ ತಂದಿಟ್ಟರು, ನಾನು ಮುಟ್ಟಲಿಲ್ಲ. ನಾನು ತಪ್ಪು ಬರೆದಿದ್ದಾಗ ಆ ಮನುಷ್ಯನಿಗೆ ಮನೆ ಇತ್ತು, ತಪ್ಪು ತಿದ್ದಿದ ಮೇಲೆ ಹೋಗುತ್ತಿದೆ.

"ಕಾಕಾ, ದೇವಸ್ಥಾನ ಅಂತಲೇ ಬಿಟ್ಟುಬಿಡಬಹುದಿತ್ತು," ಅಂದೆ.

"ಅಂದ್ರ ಸುಳ್ಳು."

"ಸುಳ್ಳೇ. ಆದರೆ ಒಬ್ಬರ ಮನೆ ಉಳೀತಿತ್ತು."

ಅವರು ಮನುಷ್ಯರನ್ನು ನೋಡುವ ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. "ನೀ ಸುಳ್ಳು ಬರಿಯಾಕಿ ಅಂತ ಗೊತ್ತಾದ ಮರುದಿವಸ ನಿನ್ನ ಖರೇ ಕಾಗದಾನೂ ರದ್ದಿ. ಆಮ್ಯಾಲೆ ನೀ ಯಾರನ್ನೂ ಉಳಸಾಕ ಆಗಂಗಿಲ್ಲ. ಮದಲು ಖರೇ ಪೂರಾ ಓದೂಣು. ಎಲ್ಲಿ ಪೂರಾ ಓದೀವಿ? ಅವಂಗ ಯಾರೋ ಇರು ಅಂದಿದ್ದು ಖರೇ ಇರಬೇಕು."

"ಹೇಗೆ ಹೇಳ್ತೀರಿ?"

"ಸುಳ್ಳು ಹೇಳಾಂವ ಕಾಗದ ತೋರಸ್ತಾನ. ಇವಂಗ ಕಾಗದ ಯಾಕ ಬೇಕು ಅನ್ನೂದ ಗೊತ್ತಿಲ್ಲ."

"ಹ್ಞೂಂ, ಮುದುಕ್ರು ಮುದುಕ್ರನ್ನ ನಂಬ್ತಾರ," ಅಂದರು ಅವರ ಹೆಂಡತಿ ಒಳಗಿನಿಂದ. "ಅವಲಕ್ಕಿ ತಿನ್ನು ಯವ್ವಾ, ಇವರ ಮಾತಿಗೆ ಹೊಟ್ಟಿ ತುಂಬಂಗಿಲ್ಲ."

ನಮ್ಮ ಪಟ್ಟಿಯಲ್ಲಿ ಕಳೆದ ಎಂಟು ವರ್ಷದ ನಡಾವಳಿ ಪುಸ್ತಕ ಕೊಡಿ ಅಂತ ಇತ್ತು, ಮೊಮ್ಮಗ ಬಾಬು ಅಷ್ಟನ್ನೇ ಕೊಟ್ಟಿದ್ದರು. ಮರುದಿನ ಕಾಕಾ, ಕಂಪನಿ ಹುಟ್ಟಿದಾಗಿನಿಂದ ಇವತ್ತಿನ ತನಕದ್ದೆಲ್ಲ ಬೇಕು ಅಂತ ಪತ್ರ ಬರೆದರು. ಹಳೆಯವೆಲ್ಲ ಸ್ಟುಡಿಯೋದ ಮೇಕಪ್ ಕೋಣೆಯಲ್ಲಿವೆ, ಗೆದ್ದಲು ಉಳಿಸಿದ್ದನ್ನು ಓದಿಕೊಳ್ಳಿ ಅಂದರು ಬಾಬು. ಸುತ್ತ ಬಲ್ಬು ಸಿಕ್ಕಿಸಿದ ಕನ್ನಡಿಗಳ ಮುಂದೆ ಕಾಕಾ ಮೂರು ದಿನ ಕೂತರು. ನಾನು ಧೂಳು ಕೊಡವಿ ಒಂದೊಂದಾಗಿ ಕೊಡುವುದು, ಅವರು ಕೈಬರಹದ ಕನ್ನಡಕದಲ್ಲಿ ಓದುವುದು. ನಾಯಕನ ಕುದುರೆಗೆ ಹುಲ್ಲು ಎಷ್ಟು ಅಂತ ಎರಡು ಸಭೆ ಜಗಳವಾಗಿತ್ತು. ಒಬ್ಬ ಖಳನಾಯಕ ಕ್ಯಾಂಟೀನಿನಲ್ಲಿ ಮೀನಿನ ತಲೆ ತನಗೇ ಬೇಕು ಅಂತ ಹಟ ಹಿಡಿದದ್ದಕ್ಕೆ ಖಂಡನಾ ನಿರ್ಣಯವಾಗಿತ್ತು. ಕಾಕಾ ಪ್ರತಿಯೊಂದನ್ನೂ ನನಗೆ ಓದಿ ಹೇಳಿ ನಗುವರು. ನನಗೆ ನಗಲು ಆಗುತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವರ ನಗು ನಿಂತಿತು. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇಲ್ಲಿ ಬಾ. ಜೋರಾಗಿ ಓದು."

ಓದಿದೆ. ಸ್ಟುಡಿಯೋ ಮುಚ್ಚುವ ವರ್ಷದ ಸಭೆ. ಎಲ್ಲ ನೌಕರರ ಬಾಕಿ ತೀರಿಸಲು ಕಂಪನಿಯಲ್ಲಿ ಹಣ ಸಾಲದಿರುವುದರಿಂದ, ಬಣ್ಣಗಾರ ನಿತಾಯಿ ತನಗೆ ಬರಬೇಕಾದ್ದನ್ನು ಪೂರ್ತಿ ಬಿಟ್ಟುಕೊಟ್ಟು, ಅದರ ಬದಲಿಗೆ ಎರಡನೆಯ ಶೆಡ್ಡಿನ ಪಕ್ಕದ ಕೋಣೆಯಲ್ಲಿ ತಾನು ಜೀವಂತ ಇರುವವರೆಗೆ ಇರಲು ಕೇಳಿದ್ದಾನೆ, ಸಭೆ ಒಪ್ಪಿದೆ, ಕಂಪನಿ ಇದಕ್ಕೆ ಬದ್ಧ. ಕೆಳಗೆ ದೊಡ್ಡ ಬಾಬು ಅವರ ಸಹಿ. ಅದರ ಪಕ್ಕ ಬಂಗಾಳಿಯಲ್ಲಿ, ದಪ್ಪ ಕುಂಚದಲ್ಲಿ ಬರೆದ ಹಾಗೆ, ನಿತಾಯಿ. ಹೋಗಿ ಕೇಳಿದರೆ, ದೊಡ್ಡ ಬಾಬು ಇಲ್ಲಿ ಹೆಸರು ಬರಿ ಅಂದರು, ಬರೆದೆ ಅಂದರು.

ಸಂಪತ್ ಸರ್ ಮುಂದಿನ ವಿಮಾನಕ್ಕೇ ಬಂದರು. ಹೋಟೆಲಿನ ಕೋಣೆಯಲ್ಲಿ ಸಂಪತ್ ಸರ್, ಕಾಕಾ, ನಾನು, ಮೇಜಿನ ನಡುವೆ ಆ ಪುಸ್ತಕ.

"ಇದು ಹಳೇ ಯಜಮಾನರು ಕೊಟ್ಟ ಮಾತು. ನಮಗೇನು ಸಂಬಂಧ?" ಅಂದರು ಸಂಪತ್ ಸರ್.

"ಯಜಮಾನರು ಕೊಟ್ಟಿಲ್ಲರಿ, ಕಂಪನಿ ಕೊಟ್ಟದ. ನೀವು ಕಂಪನಿ ಕೊಳ್ಳಾಕತ್ತೀರಿ. ಮಾತೂ ನಿಮ್ದ," ಅಂದರು ಕಾಕಾ.

"ಹಾಗಾದ್ರೆ ಕಂಪನಿ ಬೇಡ. ಜಮೀನನ್ನೇ ಬರೆಸಿಕೊಳ್ತೀವಿ."

"ಬರಸ್ಕೋರಿ. ತಂಗಿ, ಸಾಹೇಬರಿಗೆ ಸ್ಟಾಂಪ್ ಡ್ಯೂಟಿ ಎಷ್ಟಾಗ್ತದ ತೋರಸು."

ನಾನು ಲ್ಯಾಪ್‌ಟಾಪ್ ತಿರುಗಿಸಿದೆ. ಸಂಪತ್ ಸರ್ ನೋಡಿ, ಅದನ್ನು ನಿಧಾನಕ್ಕೆ ನನ್ನ ಕಡೆಗೇ ತಿರುಗಿಸಿಬಿಟ್ಟರು.

"ಅಷ್ಟು ಕೊಟ್ಟು ಬರಸ್ಕೊಂಡ್ರೂ ಒಳಗಿದ್ದ ಮನ್ಶ್ಯಾ ಒಳಗ ಇರ್ತಾನ," ಅಂದರು ಕಾಕಾ. "ನಮಗ ಗೊತ್ತಿರಲಿಲ್ಲ ಅನ್ನಾಕ ಇನ್ನ ಬರಂಗಿಲ್ಲ."

"ಅವರ ವಯಸ್ಸೆಷ್ಟು?"

"ಎಪ್ಪತ್ತೆರಡು."

ಸಂಪತ್ ಸರ್ ಮನಸ್ಸಿನಲ್ಲೇ ಏನೋ ಕಳೆಯುವುದು ಕಾಣುತ್ತಿತ್ತು.

"ಅವರವ್ವ ತೊಂಬತ್ತೆಂಟಕ್ಕ ಹೋದ್ಲಂತ," ಅಂತ ಕಾಕಾ ಸೇರಿಸಿದರು. "ಚಹಾದಂವ ಹೇಳಿದಾ."

ಸಂಪತ್ ಸರ್ ಎದ್ದು ಕಿಟಕಿಯವರೆಗೆ ಹೋಗಿ ಬಂದರು. ದನಿ ತಗ್ಗಿಸಿ, "ಕಾಕಾ, ಆ ಪುಟ ನೀವು ನೋಡಲೇ ಇಲ್ಲ ಅಂದ್ಕೊಳ್ಳೋಣ. ಹತ್ತಾರು ಪುಸ್ತಕ, ಗೆದ್ದಲು ಬೇರೆ. ನ್ಯೂ ಟೌನಲ್ಲಿ ಇನ್ನೂ ಐದು ಕಂಪನಿ ನೋಡ್ತಿದೀವಿ, ಎಲ್ಲಾ ನಿಮಗೇ ಕೊಡ್ತೀನಿ," ಅಂದರು.

ಕಾಕಾ ಒಂದೊಂದಾಗಿ ಮೂರೂ ಕನ್ನಡಕ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಕಣ್ಣು ಕಿರಿದು ಮಾಡಿ, ಸಂಪತ್ ಸರ್ ಇದ್ದ ಕಡೆ ಅಂದಾಜಿನಲ್ಲಿ ತಿರುಗಿದರು. "ಈಗ ಏನೂ ಕಾಣವಲ್ದು ನೋಡ್ರಿ. ಆದ್ರ ಓದಿದ್ದು ತಲಿಯಾಗ ಕೂತದ. ಅದನ್ನ ತಗದು ಎಲ್ಲಿ ಇಡ್ಲಿ?"

ಸಂಪತ್ ಸರ್ ನಗಬಾರದೆಂದು ಬಹಳ ಪ್ರಯತ್ನಪಟ್ಟರು. ಆಗಲಿಲ್ಲ.

ಒಪ್ಪಂದಕ್ಕೆ ಒಂದು ಕಲಮು ಸೇರಿತು. ಹೊಸ ಕಟ್ಟಡದ ನೆಲಮಹಡಿಯಲ್ಲಿ ನಿತಾಯಿಯವರಿಗೆ ಜೀವ ಇರುವವರೆಗೆ ಒಂದು ಕೋಣೆ. ಅಲ್ಲಿಯವರೆಗೆ ಅದೇ ಪಾಡಾದಲ್ಲಿ ಕಂಪನಿಯ ಖರ್ಚಿನಲ್ಲಿ ಬಾಡಿಗೆಯದು. ಅಷ್ಟನ್ನು ಮೊಮ್ಮಗ ಬಾಬುವಿಗೆ ಕೊಡಬೇಕಾದ ಬೆಲೆಯಲ್ಲಿ ಹಿಡಿದುಕೊಂಡರು. ಬಾಬುವಿಗೆ ಕೋಪ ಬಂದು ಆ ದಿನ ಸಂದೇಶ್ ತರಿಸಲಿಲ್ಲ. ಕಲಮನ್ನು ಕಾಕಾ ಬಂಗಾಳಿಯಲ್ಲಿ ಓದಿ ಹೇಳಿದಾಗ ನಿತಾಯಿ, "ದೊಡ್ಡ ಬಾಬು ಹೇಳಿದ್ದನ್ನೇ ಇಷ್ಟುದ್ದ ಬರೆದಿದ್ದೀರಿ," ಅಂದರು.

ಸೆಟ್ಟು ಮಾತ್ರ ಹೋಗಬೇಕಿತ್ತು. ಅದಕ್ಕೆ ಅವರ ತಕರಾರಿರಲಿಲ್ಲ. ಕೂಲಿಯವರು ಮುಟ್ಟಬಾರದು, ಎಲ್ಲೆಲ್ಲಿ ಮೊಳೆ ಹೊಡೆದಿದ್ದೇನೆ ಅಂತ ನನಗೇ ಗೊತ್ತು, ನಾನೇ ಬಿಚ್ಚುತ್ತೇನೆ ಅಂದರು. ಪೂಜೆಗೆ ನಾಲ್ಕು ದಿನ ಇರುವಾಗ ಬೆಳಿಗ್ಗೆ ಏಣಿ ಹಾಕಿ ಹತ್ತಿದರು. ಪಾಡಾದ ನಾಲ್ಕಾರು ಹೆಂಗಸರು ದೂರದಲ್ಲಿ ಸೆರಗು ಹೊದ್ದು ನಿಂತಿದ್ದರು. ಕಾಕಾ ಕೆಳಗೆ ಎರಡೂ ಕೈಯಲ್ಲಿ ಏಣಿ ಹಿಡಿದಿದ್ದರು. ಸಹಿ ಮುಗಿಸಿ ವಿಮಾನಕ್ಕೆ ಹೋಗುವ ದಾರಿಯಲ್ಲಿ ಸಂಪತ್ ಸರ್ ಬಂದು ಪಕ್ಕದಲ್ಲಿ ನಿಂತರು.

"ಕಾಕಾ, ಒಂದು ಮಾತು. ನಿಮಗೆ ಫೀಸು ಕೊಟ್ಟಿದ್ದು ನಾವು. ನೀವು ಕಾಗದ ಹುಡುಕಿದ್ದು ಅವರಿಗೆ."

"ಇಲ್ಲರಿ ಸಾಹೇಬರ. ನಿಮಗ ಹುಡುಕಿದೆ," ಅಂದರು ಕಾಕಾ, ಕಣ್ಣು ಏಣಿಯ ಮೇಲೇ ಇಟ್ಟು. "ನೀವು ಏನೇನು ಕೊಳ್ಳಾಕತ್ತೀರಿ ಅಂತ ಹೇಳೂದು ನನ್ನ ಕೆಲಸ. ಎರಡು ಶೆಡ್ಡು, ಒಂದು ಕೊಳ, ಮಾವಿನ ಗಿಡ, ಒಬ್ಬ ಮುದುಕ. ಮುದುಕನ್ನ ಬಿಟ್ಟು ಬರದಿದ್ರ ನೀವು ಕೊಟ್ಟ ಫೀಸಿಗೆ ಮೋಸ ಆಗ್ತಿತ್ತು."

ಮೇಲಿನಿಂದ ನಿತಾಯಿ, "ಧರುನ್, ಧರುನ್," ಹಿಡಿಯಿರಿ ಅಂತ ಕೂಗಿದರು. ಬಿಚ್ಚಿದ ದೇವಿಯ ಮುಖ ಅವರ ಕೈಯಲ್ಲಿತ್ತು. ಕಾಕಾ ಏಣಿ ಬಿಡುವಂತಿರಲಿಲ್ಲ.

"ತಗೋರಿ ಸಾಹೇಬರ. ಕಂಪನೀದು, ನಿಮ್ದ."

ಸಂಪತ್ ಸರ್ ಇಸ್ತ್ರಿ ಮಾಡಿದ ತೋಳುಗಳನ್ನು ಮೇಲೆತ್ತಿ ಎರಡು ಕೈಯಲ್ಲೂ ಅದನ್ನು ಇಳಿಸಿಕೊಂಡರು. ಇಳಿಸಿಕೊಂಡ ಮೇಲೆ ಎಲ್ಲಿಡುವುದೆಂದು ತಿಳಿಯಲಿಲ್ಲ. ನೆಲಕ್ಕೆ ಬಗ್ಗಿದರು, ಹೆಂಗಸರ ಕಡೆ ನೋಡಿ ಮತ್ತೆ ಎದ್ದರು. ಕಾರಿನ ಕಡೆ ಎರಡು ಹೆಜ್ಜೆ ಹೋಗಿ ವಾಪಸು ಬಂದರು.

"ಎಲ್ಲಿಡ್ಲಿ ಇದನ್ನ?" ಅಂತ ನನ್ನನ್ನು ಕೇಳಿದರು.

ನಾನು ಬಂಗಾಳಿಯಲ್ಲಿ ಮೇಲಕ್ಕೆ ಕೇಳಿದೆ. ನಿತಾಯಿ ಮೊಳೆ ಕೀಳುತ್ತಲೇ ಏನೋ ಹೇಳಿದರು. ಕಾಕಾ ಅದನ್ನು ಕನ್ನಡಕ್ಕೆ ತಂದರು.

"ನನ್ನ ಖೋಲಿ ತಯಾರಾಗೂ ತನಕ ನಿಮ್ಮ ಕಡೇನ ಇರಲಿ ಅಂತಾರ."

ಎರಡು ವರ್ಷ ಅದು ಬೆಂಗಳೂರಿನ ಆಫೀಸಿನಲ್ಲಿ ಸಂಪತ್ ಸರ್ ಕುರ್ಚಿಯ ಹಿಂದಿನ ಕಪಾಟಿನ ಮೇಲೆ ಕೂತಿತ್ತು. ಕಟ್ಟಡ ತಡವಾಯಿತು ಅಂತ ಕಂಟ್ರಾಕ್ಟರಿಗೆ ಫೋನಿನಲ್ಲಿ ಬೈಯುವಾಗೆಲ್ಲ ಅವರು ಒಂದು ಸಲ ಹಿಂದಕ್ಕೆ ತಿರುಗಿ ನೋಡುತ್ತಿದ್ದರಂತೆ. ನ್ಯೂ ಟೌನಿನ ಐದು ಕಂಪನಿಗಳ ಕೆಲಸ ಕಾಕಾನಿಗೆ ಕೊಡಲಿಲ್ಲ, ಅದೂ ನಿಜ. ಆದರೆ ಕಟ್ಟಡ ಮುಗಿದ ಮೇಲೆ ಅವರೇ ನೆಲಮಹಡಿಯ ಕೋಣೆಯ ಬೀಗದಕೈ ಮತ್ತು ಆ ಮುಖವನ್ನು ಮಡಿಲಲ್ಲಿಟ್ಟುಕೊಂಡು ವಿಮಾನದಲ್ಲಿ ಬಂದ ದಿನ, ನಿಲ್ದಾಣಕ್ಕೆ ಬರಹೇಳಿದ್ದು ಕಾಕಾನನ್ನೇ. ಕಾಕಾ ಎರಡನ್ನೂ ಇಸಿದುಕೊಂಡು, ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಅಲ್ಲೇ ನಿತಾಯಿಯವರ ಪರವಾಗಿ ಒಂದು ರಸೀದಿ ಬರೆದುಕೊಟ್ಟರು. ಬೀಗದಕೈ ಒಂದು. ದೇವಿಯ ಮುಖ ಒಂದು, ಮೂಗು ಸುಸ್ಥಿತಿಯಲ್ಲಿದೆ. ಕಂಪನಿಯಿಂದ ಇನ್ನೇನೂ ಬರುವುದು ಬಾಕಿ ಇಲ್ಲ.